ಪದೇ ಪದೇ ಬರುವ ಯೀಸ್ಟ್ ಸೋಂಕು ಮತ್ತು ಮೈಯಲ್ಲಿನ ಖನಿಜಗಳು: ಹೆಂಗಸರು ಪದೇ ಪದೇ ಕೇಳುವ ಪ್ರಶ್ನೆಗಳು

ಯೋನಿಯ ತುರಿಕೆ ನಿಂತಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಶುರು. ಮಾತ್ರೆ ಆಯಿತು, ಕ್ರೀಮ್ ಆಯಿತು, ಆದರೂ ಎರಡು ತಿಂಗಳಿಗೆ ಅದೇ ಉರಿ, ಅದೇ ಬಿಳಿ ಸ್ರಾವ. ಹೀಗಾದಾಗ "ನನ್ನ ಮೈಯಲ್ಲೇ ಏನೋ ಕೊರತೆ ಇರಬೇಕು" ಅನ್ನಿಸುವುದು ಸಹಜ. ಝಿಂಕ್ ಕಮ್ಮಿ ಇದೆಯಾ, ಐರನ್ ಕಮ್ಮಿ ಇದೆಯಾ, ಮೆಗ್ನೀಸಿಯಂ ತಗೊಂಡರೆ ಹೋಗುತ್ತದಾ ಎಂಬ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟುತ್ತವೆ. ಪ್ರಶ್ನೆಗಳಲ್ಲಿ ಹುರುಳಿದೆ. ಆದರೆ ಉತ್ತರ ಮಾತ್ರೆ ಡಬ್ಬಿಯ ಮೇಲೆ ಬರೆದಿರುವಷ್ಟು ಸಲೀಸಾಗಿಲ್ಲ.

ವರ್ಷಕ್ಕೆ ಎಷ್ಟು ಸಲ ಬಂದರೆ "ಪದೇ ಪದೇ" ಅನ್ನುತ್ತಾರೆ?

ಒಂದು ವರ್ಷದೊಳಗೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಬಂದರೆ. ಮೊದಲು ನಾಲ್ಕು ಸಲ ಅಂತಿತ್ತು, ಈಗಲೂ ಕೆಲವು ವೈದ್ಯರು ನಾಲ್ಕನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಜೀವನದಲ್ಲಿ ಒಂದು ಸಲವಾದರೂ ಯೀಸ್ಟ್ ಸೋಂಕು ಕಾಣುವ ಹೆಂಗಸರು ಸುಮಾರು ನೂರಕ್ಕೆ 75 ಮಂದಿ. ಪದೇ ಪದೇ ಕಾಡುವುದು ಅವರಲ್ಲಿ ಒಂದು ಸಣ್ಣ ಪಾಲಿಗೆ ಮಾತ್ರ, ಆದರೂ ಪ್ರಪಂಚದಾದ್ಯಂತ ವರ್ಷಕ್ಕೆ 13 ಕೋಟಿಗೂ ಹೆಚ್ಚು ಹೆಂಗಸರು ಇದನ್ನು ಅನುಭವಿಸುತ್ತಾರೆ ಎಂದು 2018ರ ಒಂದು ದೊಡ್ಡ ಅಂದಾಜು ಹೇಳುತ್ತದೆ. ನಾನೊಬ್ಬಳೇ ಹೀಗೆ, ನಾನು ಶುಚಿಯಾಗಿಲ್ಲ ಎಂದು ಕೊರಗುವವರು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಇದು ಕೊಳಕಿನಿಂದ ಬರುವ ಕಾಯಿಲೆ ಅಲ್ಲವೇ ಅಲ್ಲ.

ನನಗೆ ಆಗುತ್ತಿರುವುದು ಯೀಸ್ಟ್ ಸೋಂಕೇ ಅಂತ ಹೇಗೆ ಗೊತ್ತಾಗುತ್ತದೆ?

ಖನಿಜದ ಮಾತಿಗೆ ಬರುವ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಲೇಬೇಕು. ತುರಿಕೆ, ಉರಿ, ಒಡೆದ ಮೊಸರಿನಂತೆ ಗಂಟು ಗಂಟಾದ ಬಿಳಿ ಸ್ರಾವ, ಹೆಚ್ಚೇನೂ ವಾಸನೆ ಇಲ್ಲ, ಮೂತ್ರ ಮಾಡುವಾಗ ಹೊರಗಿನ ಚರ್ಮಕ್ಕೆ ತಾಗಿ ಉರಿ: ಇವು ಸಾಮಾನ್ಯ ಲಕ್ಷಣಗಳು. ಆದರೆ ಬ್ಯಾಕ್ಟೀರಿಯಾದಿಂದ ಆಗುವ ಯೋನಿ ತೊಂದರೆ, ಟ್ರೈಕೊಮೊನಾಸ್ ಎಂಬ ಲೈಂಗಿಕ ಸೋಂಕು, ಸೋಪು ಅಥವಾ ಪ್ಯಾಡ್‌ನಿಂದಾಗುವ ಅಲರ್ಜಿ, ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆ, ಇವೆಲ್ಲವೂ ಹೀಗೇ ಕಾಣಬಹುದು. ತಮಗೆ ಯೀಸ್ಟೇ ಎಂದು ನಂಬಿ ಅಂಗಡಿಯಿಂದ ಔಷಧಿ ತಂದ ಹೆಂಗಸರನ್ನು ಪರೀಕ್ಷಿಸಿದಾಗ, ಬರೀ ಯೀಸ್ಟ್ ಮಾತ್ರ ಇದ್ದದ್ದು ಮೂವರಲ್ಲಿ ಒಬ್ಬರಿಗಷ್ಟೇ. ಅಂದರೆ ಎಷ್ಟೋ ಜನ ಇಲ್ಲದ ಕಾಯಿಲೆಗೆ ಔಷಧಿ ತಗೊಂಡು "ಮತ್ತೆ ಬಂತು" ಅಂದುಕೊಳ್ಳುತ್ತಿದ್ದಾರೆ.

ಹಾಗಾಗಿ ಒಂದು ಸಲವಾದರೂ ಸ್ವಾಬ್ (ಹತ್ತಿ ಕಡ್ಡಿಯಲ್ಲಿ ಸ್ರಾವದ ಮಾದರಿ) ತೆಗೆಸಿ ಕಲ್ಚರ್ (ಅದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ. ತೊಂದರೆ ಇರುವಾಗಲೇ, ಔಷಧಿ ಶುರು ಮಾಡುವ ಮುಂಚೆ. ಯೋನಿಯ ಪಿಎಚ್ (ಅಲ್ಲಿ ಆಮ್ಲ ಎಷ್ಟಿದೆ ಎಂದು ತೋರಿಸುವ ಅಂಕಿ) ನೋಡುವುದೂ ಸುಲಭ: ಯೀಸ್ಟ್‌ನಲ್ಲಿ ಅದು ಸಾಮಾನ್ಯವಾಗಿ 4.5ರ ಒಳಗೇ ಇರುತ್ತದೆ, ಬ್ಯಾಕ್ಟೀರಿಯಾ ತೊಂದರೆಯಲ್ಲಿ ಅದಕ್ಕಿಂತ ಮೇಲೆ ಹೋಗುತ್ತದೆ. ಇನ್ನೊಂದು ವಿಷಯ, ನೂರಕ್ಕೆ 10ರಿಂದ 20 ಹೆಂಗಸರ ಯೋನಿಯಲ್ಲಿ ಯಾವ ತೊಂದರೆಯೂ ಇಲ್ಲದೆ ಕ್ಯಾಂಡಿಡಾ (ಈ ಸೋಂಕು ತರುವ ಯೀಸ್ಟ್, ಒಂದು ಶಿಲೀಂಧ್ರ) ಸುಮ್ನೆ ಇರುತ್ತದೆ. ರಿಪೋರ್ಟಿನಲ್ಲಿ ಅದರ ಹೆಸರು ಬಂದ ಮಾತ್ರಕ್ಕೆ ಔಷಧಿ ಬೇಕಿಲ್ಲ, ಲಕ್ಷಣವೂ ಇರಬೇಕು.

ಸರಿ, ಖನಿಜ ಕಮ್ಮಿಯಾದರೆ ಈ ಸೋಂಕು ಬರುತ್ತದಾ?

ಖನಿಜದ ಕೊರತೆ ಒಂದರಿಂದಲೇ ಇದು ಬರುತ್ತದೆ ಎಂದು ಯಾರೂ ಸಾಬೀತು ಮಾಡಿಲ್ಲ. ಹಾಗಂತ ಸಂಬಂಧವೇ ಇಲ್ಲ ಎನ್ನುವುದೂ ತಪ್ಪು. ಪದೇ ಪದೇ ಸೋಂಕಾಗುವ ಹೆಂಗಸರ ರಕ್ತದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಐರನ್, ಝಿಂಕ್ ಎಷ್ಟಿದೆ ಎಂದು ಅಳೆದು, ಆರೋಗ್ಯವಂತರ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಿವೆ, 2005ರಲ್ಲೇ ಒಂದು ಪ್ರಕಟವಾಗಿದೆ. ಆದರೆ ಇಂಥವೆಲ್ಲ ಸಣ್ಣ ಅಧ್ಯಯನಗಳು. ಎರಡು ಗುಂಪಿನ ನಡುವೆ ವ್ಯತ್ಯಾಸ ಕಂಡರೂ ಕೊರತೆಯಿಂದ ಸೋಂಕು ಬಂತೋ, ಸೋಂಕಿನ ಊತದಿಂದ ರಕ್ತದ ಅಂಕಿ ಇಳಿಯಿತೋ, ಅಥವಾ ಎರಡಕ್ಕೂ ಹಿಂದೆ ಮೂರನೆಯ ಕಾರಣವಿದೆಯೋ ಎಂದು ಅವು ಹೇಳಲಾರವು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಖನಿಜಗಳ ನಿಜವಾದ ಕಥೆ ನಡೆಯುವುದು ಸೋಂಕಾದ ಜಾಗದಲ್ಲಿ, ಕೈಯಿಂದ ತೆಗೆದ ರಕ್ತದಲ್ಲಿ ಅಲ್ಲ. ಇದು ಅರ್ಥವಾದರೆ ಯಾವ ಪರೀಕ್ಷೆಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಎಂಬುದೂ ಅರ್ಥವಾಗುತ್ತದೆ.

ಸೋಂಕಾದ ಜಾಗದಲ್ಲಿ ಝಿಂಕ್‌ಗೆ ಏನಾಗುತ್ತದೆ?

ಇದು ಎಲ್ಲಕ್ಕಿಂತ ಕುತೂಹಲದ ಭಾಗ, ಸ್ವಲ್ಪ ವಿವರವಾಗಿ ನೋಡೋಣ.

ಕ್ಯಾಂಡಿಡಾ ಬದುಕಲು ಝಿಂಕ್ ಬೇಕೇ ಬೇಕು. ನಮ್ಮ ಮೈಗೂ ಬೇಕು. ಶಿಲೀಂಧ್ರ ಒಳಗೆ ಬೆಳೆಯತೊಡಗಿದರೆ ಮೈ ಅದಕ್ಕೆ ಝಿಂಕ್ ಸಿಗದಂತೆ ಮುಚ್ಚಿಡಲು ನೋಡುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಸುರಿಯುತ್ತವೆ, ಅದು ಸುತ್ತಲಿನ ಝಿಂಕ್ ಮತ್ತು ಮ್ಯಾಂಗನೀಸನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಈ ಸೋಂಕನ್ನು ಹೆಚ್ಚಾಗಿ ತರುವ ಜಾತಿಯಾದ ಕ್ಯಾಂಡಿಡಾ ಆಲ್ಬಿಕನ್ಸ್ ಏನೂ ಕಮ್ಮಿ ಇಲ್ಲ. ಝಿಂಕ್ ಸಿಗದಾಗ ಅದು ಪಿಆರ್‌ಎ1 ಎಂಬ ತನ್ನದೇ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಈ ಪ್ರೋಟೀನು ನಮ್ಮ ಜೀವಕೋಶದಿಂದ ಝಿಂಕ್ ಕಿತ್ತುಕೊಂಡು ವಾಪಸ್ ಶಿಲೀಂಧ್ರದ ಬಳಿ ಬರುತ್ತದೆ, ದನ ಮೇಯಲು ಹೋಗಿ ಸಂಜೆ ಕೊಟ್ಟಿಗೆಗೆ ಮರಳುವ ಹಾಗೆ. ಇದು 2012ರಲ್ಲೇ ಗೊತ್ತಾಗಿತ್ತು.

ಮುಖ್ಯ ವಿಷಯ ಆಮೇಲೆ ಬಂತು. ಆ ಪಿಆರ್‌ಎ1 ಝಿಂಕ್ ತರುವುದಷ್ಟೇ ಅಲ್ಲ, ನ್ಯೂಟ್ರೋಫಿಲ್‌ಗಳನ್ನು ರಾಶಿ ರಾಶಿಯಾಗಿ ಆ ಜಾಗಕ್ಕೆ ಕರೆಯುತ್ತದೆ. ಯೋನಿಯಲ್ಲಿ ಈ ಕಣಗಳು ಬಂದು ಶಿಲೀಂಧ್ರವನ್ನು ಸರಿಯಾಗಿ ಕೊಲ್ಲುವುದಿಲ್ಲ, ಊತ ಮಾತ್ರ ಎಬ್ಬಿಸುತ್ತವೆ. ನಿಮಗೆ ಆಗುವ ಆ ತುರಿಕೆ, ಆ ಕೆಂಪು, ಆ ಉರಿ ಬಹುಪಾಲು ನಿಮ್ಮದೇ ಮೈಯ ಪ್ರತಿಕ್ರಿಯೆ. 2023ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತವರ ಜೊತೆಗಾರರು ಇದನ್ನು ತೋರಿಸಿದರು. ಇಲಿಗಳ ಯೋನಿಗೆ ಸ್ವಲ್ಪ ಝಿಂಕ್ ಒದಗಿಸಿದಾಗ ಶಿಲೀಂಧ್ರ ಪಿಆರ್‌ಎ1 ತಯಾರಿಸುವುದನ್ನು ಕಡಿಮೆ ಮಾಡಿತು, ಊತವೂ ಇಳಿಯಿತು. ಬೆರಳೆಣಿಕೆಯಷ್ಟು ಹೆಂಗಸರು ಝಿಂಕ್ ಇರುವ ಜೆಲ್ ಬಳಸಿ ನೋಡಿದರು, ಹೆಚ್ಚಿನವರಿಗೆ ಅದನ್ನು ಬಳಸಿದ ಮೂರು ತಿಂಗಳಲ್ಲಿ ಸೋಂಕು ಮರುಕಳಿಸಲಿಲ್ಲ.

ಆಸೆ ಹುಟ್ಟಿಸುವ ಸುದ್ದಿ, ಅಲ್ವಾ? ನನಗೂ ಹಾಗೇ ಅನ್ನಿಸುತ್ತದೆ. ಆದರೆ ಬೆರಳೆಣಿಕೆ ಬೆರಳೆಣಿಕೆಯೇ, ಅಷ್ಟನ್ನೇ ನಂಬಿ ಚಿಕಿತ್ಸೆ ಕೊಡಲು ಬರುವುದಿಲ್ಲ.

ಹಾಗಾದರೆ ಝಿಂಕ್ ಮಾತ್ರೆ ನುಂಗಿದರೆ ಆಯಿತಲ್ಲ?

ಮೇಲಿನ ಪ್ರಯೋಗದಲ್ಲಿ ಝಿಂಕ್ ಇಟ್ಟದ್ದು ಯೋನಿಯಲ್ಲಿ, ಬಾಯಲ್ಲಿ ಅಲ್ಲ. ನುಂಗಿದ ಮಾತ್ರೆ ಆ ಜಾಗದ ಝಿಂಕನ್ನು ಅಷ್ಟು ಏರಿಸುತ್ತದೆ ಎಂದು ಅದರಿಂದ ಹೇಳಲಾಗುವುದಿಲ್ಲ.

ನಿಮಗೆ ನಿಜವಾಗಿಯೂ ಝಿಂಕ್ ಕೊರತೆ ಇದ್ದರೆ ಸರಿಪಡಿಸಿಕೊಳ್ಳಿ, ಅದರಿಂದ ರೋಗನಿರೋಧಕ ಶಕ್ತಿಗೆ ಒಳ್ಳೆಯದೇ. ಹೆಂಗಸರಿಗೆ ದಿನಕ್ಕೆ ಬೇಕಾಗುವುದು ಸುಮಾರು 8 ಮಿಲಿಗ್ರಾಂ. ಸುರಕ್ಷಿತ ಮೇಲ್ಮಿತಿ 40 ಮಿಲಿಗ್ರಾಂ, ಊಟದಿಂದ ಬರುವುದೂ ಸೇರಿ. 50 ಮಿಲಿಗ್ರಾಂ ಮಾತ್ರೆ ತಿಂಗಳುಗಟ್ಟಲೆ ತಿನ್ನುವವರಿದ್ದಾರೆ, ದಯವಿಟ್ಟು ಬೇಡ. ಝಿಂಕ್ ಜಾಸ್ತಿಯಾದರೆ ಕರುಳು ತಾಮ್ರವನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ತಾಮ್ರ ಇಳಿದರೆ ರಕ್ತಹೀನತೆ ಬರುತ್ತದೆ, ನ್ಯೂಟ್ರೋಫಿಲ್ ಇಳಿಯುತ್ತದೆ, ಕೈಕಾಲು ಜೋಮು ಹಿಡಿಯುವ ನರದ ತೊಂದರೆಯೂ ಬರಬಹುದು. ಸೋಂಕು ತಡೆಯಲು ಹೊರಟು ಸೋಂಕಿನ ವಿರುದ್ಧ ಹೋರಾಡುವ ಕಣಗಳನ್ನೇ ಕಮ್ಮಿ ಮಾಡಿಕೊಂಡಂತೆ.

ಮನೆಯಲ್ಲಿರುವ ಝಿಂಕ್ ಕ್ರೀಮ್ ಒಳಗೆ ಹಚ್ಚಬಹುದಾ?

ಬೇಡ. ಮಕ್ಕಳ ಡಯಾಪರ್ ಕ್ರೀಮ್, ಪುಡಿ ಮಾಡಿದ ಮಾತ್ರೆ, ಯಾವುದನ್ನೂ ಯೋನಿಯ ಒಳಗೆ ಹಾಕಬೇಡಿ. ಅವು ಆ ಜಾಗಕ್ಕಾಗಿ ತಯಾರಾದವಲ್ಲ, ಪ್ರಮಾಣವೂ ಬೇರೆ, ಮೊದಲೇ ಕೆರೆದು ನೊಂದ ಚರ್ಮಕ್ಕೆ ಇನ್ನಷ್ಟು ಉರಿ ಹಚ್ಚುತ್ತವೆ.

ರಕ್ತದಲ್ಲಿ ಝಿಂಕ್ ಪರೀಕ್ಷೆ ಮಾಡಿಸಿದರೆ ನಿಜ ಗೊತ್ತಾಗುತ್ತದಾ?

ಅರ್ಧ ಮಾತ್ರ. ಮೈಯಲ್ಲಿರುವ ಝಿಂಕಿನಲ್ಲಿ ರಕ್ತದ ದ್ರವದಲ್ಲಿ ಓಡಾಡುವುದು ಒಂದು ಚೂರು ಅಷ್ಟೇ, ಉಳಿದದ್ದು ಸ್ನಾಯು, ಮೂಳೆ, ಜೀವಕೋಶಗಳ ಒಳಗಿದೆ. ಆ ಚೂರೂ ದಿನವಿಡೀ ಒಂದೇ ಥರ ಇರುವುದಿಲ್ಲ. ಊಟ ಆದಮೇಲೆ ಇಳಿಯುತ್ತದೆ. ಜ್ವರ, ಊತ ಇದ್ದರೆ ಇಳಿಯುತ್ತದೆ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತಿನ್ನುವವರಲ್ಲಿ ಕಮ್ಮಿ ತೋರಿಸುತ್ತದೆ. ಅದೇ ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಆ ಕಣಗಳ ಒಳಗೆ ಝಿಂಕ್ ತುಂಬಾ ಇದೆ. ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳದಿಂದಲೂ ಝಿಂಕ್ ಬೆರೆಯಬಹುದು, ಅದಕ್ಕೆಂದೇ ಬೇರೆ ಟ್ಯೂಬ್ ಬಳಸುತ್ತಾರೆ.

ಮಾಡಿಸಲೇಬೇಕು ಅಂದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಸೋಂಕು ಜೋರಾಗಿಲ್ಲದ ಹೊತ್ತಲ್ಲಿ, ಜೊತೆಗೆ ಊತ ಇದೆಯಾ ಎಂದು ಹೇಳುವ ಸಿಆರ್‌ಪಿಯನ್ನೂ ಸೇರಿಸಿ ಮಾಡಿಸಿ. ಕೂದಲು ಕಳಿಸಿ "ಖನಿಜಗಳ ಪೂರ್ತಿ ಚಿತ್ರ" ಪಡೆಯುವ ಪರೀಕ್ಷೆಗಳಿಗೆ ಹಣ ಹಾಕಬೇಡಿ. ಶಾಂಪೂ, ಬಣ್ಣ, ನೀರು ಎಲ್ಲವೂ ಆ ಅಂಕಿಯನ್ನು ಕೆಡಿಸುತ್ತವೆ.

ಐರನ್ ಕಮ್ಮಿ ಇದ್ದರೆ?

ಖನಿಜಗಳಲ್ಲಿ ಒಂದನ್ನೇ ಪರೀಕ್ಷಿಸಬೇಕು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಕಾರಣ ಸರಳ: ಮುಟ್ಟಾಗುವ ಹೆಂಗಸರಲ್ಲಿ ಐರನ್ ಕೊರತೆ ತುಂಬಾ ಸಾಮಾನ್ಯ, ಪರೀಕ್ಷೆ ಸುಲಭ, ಚಿಕಿತ್ಸೆಯೂ ಇದೆ. ಐರನ್ ಕಮ್ಮಿಯಾದರೆ ಸೋಂಕಿನ ವಿರುದ್ಧ ಹೋರಾಡುವ ಟಿ ಕಣಗಳೂ ನ್ಯೂಟ್ರೋಫಿಲ್‌ಗಳೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಬರೀ ಹಿಮೋಗ್ಲೋಬಿನ್ ನೋಡಿ "ಚೆನ್ನಾಗಿದೆ" ಅಂದುಕೊಳ್ಳಬೇಡಿ. ಮೈಯೊಳಗಿನ ಐರನ್ ಉಗ್ರಾಣ ಖಾಲಿಯಾಗಿ ಎಷ್ಟೋ ದಿನದ ಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ. ಉಗ್ರಾಣ ತೋರಿಸುವುದು ಫೆರಿಟಿನ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯವಂತ ದೊಡ್ಡವರಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆ. ಆದರೆ ಸೋಂಕು, ಊತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ, ಆಗ 70ರ ಕೆಳಗಿದ್ದರೂ ಕೊರತೆ ಇರಬಹುದು ಎನ್ನುತ್ತಾರೆ. ರಿಪೋರ್ಟಿನಲ್ಲಿ 40 ಅಂತ ಬಂದು ಪಕ್ಕದಲ್ಲಿ "ನಾರ್ಮಲ್" ಅಂತಿದ್ದರೂ, ಸಿಆರ್‌ಪಿ ಏರಿದ್ದರೆ ವೈದ್ಯರ ಹತ್ತಿರ ಇನ್ನೊಂದು ಮಾತು ಕೇಳಿ.

ಐರನ್ ಮಾತ್ರೆ ತಿಂದರೆ ಯೀಸ್ಟ್‌ಗೇ ಊಟ ಹಾಕಿದಂತಾಗುವುದಿಲ್ಲವಾ?

ಈ ಭಯಕ್ಕೆ ಒಂದು ಆಧಾರವಿದೆ. ಕ್ಯಾಂಡಿಡಾಗೆ ಐರನ್ ಬೇಕು ಎನ್ನುವುದು ನಿಜ, ನಮ್ಮ ಹಿಮೋಗ್ಲೋಬಿನ್ ಮತ್ತು ಫೆರಿಟಿನ್‌ನಿಂದಲೂ ಅದು ಐರನ್ ಕದಿಯಬಲ್ಲದು. ಆದರೆ ಇದೇ ಕಾರಣಕ್ಕೆ ಕೊರತೆ ಇರುವ ಹೆಂಗಸು ಐರನ್ ಬಿಡಬೇಕು ಎಂದು ಯಾವ ಚಿಕಿತ್ಸಾ ಮಾರ್ಗಸೂಚಿಯೂ ಹೇಳುವುದಿಲ್ಲ. ಕೊರತೆ ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಸುಮ್ನೆ ತಗೋಬೇಡಿ. ಹೊಟ್ಟೆ ಕೆಡುವವರು ದಿನ ಬಿಟ್ಟು ದಿನ ತಗೊಳ್ಳುವ ಬಗ್ಗೆ ವೈದ್ಯರನ್ನು ಕೇಳಬಹುದು, ಹಾಗೆ ತಗೊಂಡರೆ ಪ್ರತಿ ಮಾತ್ರೆಯಿಂದ ಹೀರಿಕೊಳ್ಳುವ ಪಾಲು ಜಾಸ್ತಿ. ಕಾಫಿ, ಟೀ ಜೊತೆ ನುಂಗಬೇಡಿ. ಮುಟ್ಟಿನಲ್ಲಿ ರಕ್ತ ತುಂಬಾ ಹೋಗುತ್ತಿದ್ದರೆ ಅದಕ್ಕೂ ಚಿಕಿತ್ಸೆ ಬೇಕು, ಇಲ್ಲದಿದ್ದರೆ ಎಷ್ಟು ಮಾತ್ರೆ ತಿಂದರೂ ಸಾಲುವುದಿಲ್ಲ.

ಮೆಗ್ನೀಸಿಯಂ, ಕ್ಯಾಲ್ಸಿಯಂ, ಸೆಲೆನಿಯಂ?

ಚುಟುಕಾಗಿ ಹೇಳುತ್ತೇನೆ. ಮೆಗ್ನೀಸಿಯಂ ನೂರಕ್ಕೆ ಒಂದು ಪಾಲಿಗಿಂತ ಕಮ್ಮಿ ರಕ್ತದಲ್ಲಿರುತ್ತದೆ, ಹಾಗಾಗಿ ನಾರ್ಮಲ್ ರಿಪೋರ್ಟ್ ಬಂದರೂ ಮೈಯಲ್ಲಿ ಕೊರತೆ ಇರಬಹುದು. ವರ್ಷಗಟ್ಟಲೆ ಅಸಿಡಿಟಿಗೆ ಒಮೆಪ್ರಜೋಲ್ ಥರದ ಮಾತ್ರೆ ತಿನ್ನುವವರಲ್ಲಿ ಅದು ಇಳಿಯುವುದುಂಟು. ಕ್ಯಾಲ್ಸಿಯಂ ಮಟ್ಟವನ್ನು ಮೈ ಮೂಳೆಯಿಂದ ತೆಗೆದಾದರೂ ಸರಿಯಾಗಿ ಇಟ್ಟುಕೊಳ್ಳುತ್ತದೆ, ಆದ್ದರಿಂದ ರಕ್ತದ ಕ್ಯಾಲ್ಸಿಯಂ ನೋಡಿ ನೀವು ಸಾಕಷ್ಟು ತಿನ್ನುತ್ತಿದ್ದೀರಾ ಎಂದು ಹೇಳಲಾಗದು. ಸೆಲೆನಿಯಂ ದಿನಕ್ಕೆ 55 ಮೈಕ್ರೋಗ್ರಾಂ ಸಾಕು, 400 ದಾಟಿ ತಿನ್ನುತ್ತಾ ಹೋದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ. ಈ ಮೂರರಲ್ಲಿ ಯಾವುದನ್ನೂ ಯೀಸ್ಟ್ ಸೋಂಕಿಗೆ ಔಷಧಿ ಎಂದು ಕೊಡುವುದಿಲ್ಲ.

ಶುಗರ್ ಇದ್ದವರಿಗೆ ಯಾಕೆ ಜಾಸ್ತಿ? ಅದಕ್ಕೂ ಖನಿಜಕ್ಕೂ ಸಂಬಂಧ ಇದೆಯಾ?

ಇದೆ, ಮೇಲೆ ಹೇಳಿದ "ಮೂರನೆಯ ಕಾರಣ" ಇದೇ ಇರಬಹುದು. ರಕ್ತದಲ್ಲಿ ಸಕ್ಕರೆ ಏರಿದರೆ ಕ್ಯಾಂಡಿಡಾ ಸುಲಭವಾಗಿ ಬೆಳೆಯುತ್ತದೆ. ಅದೇ ಸಕ್ಕರೆ ಮೂತ್ರದಲ್ಲಿ ಹೋಗುವಾಗ ಝಿಂಕ್ ಮತ್ತು ಮೆಗ್ನೀಸಿಯಂ ಕೂಡ ಜಾಸ್ತಿ ಹೊರಹೋಗುತ್ತವೆ. ಒಬ್ಬ ಹೆಂಗಸಿಗೆ ಪದೇ ಪದೇ ಸೋಂಕು, ರಿಪೋರ್ಟಿನಲ್ಲಿ ಝಿಂಕ್ ಕಮ್ಮಿ ಎಂದಿಟ್ಟುಕೊಳ್ಳಿ. ಆಕೆ ಝಿಂಕ್ ತಿನ್ನುತ್ತಾ ಕೂರುತ್ತಾಳೆ, ಒಳಗೆ ಶುಗರ್ ಏರುತ್ತಲೇ ಇರುತ್ತದೆ. ಇದು ಆಗಬಾರದು. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ) ಪರೀಕ್ಷೆ ಮೊದಲು, ಉಳಿದದ್ದು ಆಮೇಲೆ.

ಶುಗರ್‌ಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ತಗೊಳ್ಳುತ್ತಿದ್ದೀರಾ? ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳು, ಯೀಸ್ಟ್ ಸೋಂಕು ಇವುಗಳ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ನೀವಾಗಿ ನಿಲ್ಲಿಸಬೇಡಿ, ಹೃದಯಕ್ಕೂ ಕಿಡ್ನಿಗೂ ಅವುಗಳಿಂದ ಲಾಭವಿದೆ. ಆದರೆ ಬರೆದುಕೊಟ್ಟ ವೈದ್ಯರಿಗೆ ಈ ತೊಂದರೆ ಹೇಳಲೇಬೇಕು. ಎಷ್ಟೋ ಜನ ನಾಚಿಕೆಯಿಂದ ಹೇಳುವುದೇ ಇಲ್ಲ.

ಹಾಗಾದರೆ ನಿಜವಾದ ಚಿಕಿತ್ಸೆ ಏನು?

ಮೊದಲು ಸೋಂಕನ್ನು ಪೂರ್ತಿ ಇಳಿಸುವುದು, ಆಮೇಲೆ ಆರು ತಿಂಗಳು ಅದು ಮರಳದಂತೆ ಔಷಧಿ ಮುಂದುವರಿಸುವುದು. ಸಾಮಾನ್ಯವಾಗಿ ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕ ಮಾತ್ರೆ 150 ಮಿಲಿಗ್ರಾಂ ಮೊದಲನೇ, ನಾಲ್ಕನೇ, ಏಳನೇ ದಿನ, ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು. 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಆರು ತಿಂಗಳ ಕೊನೆಗೆ ಹೀಗೆ ತಗೊಂಡವರಲ್ಲಿ ನೂರಕ್ಕೆ ಸುಮಾರು 91 ಮಂದಿಗೆ ಸೋಂಕು ಮರಳಿರಲಿಲ್ಲ, ಔಷಧಿಯೇ ಇಲ್ಲದ ಹುಸಿ ಮಾತ್ರೆ ತಗೊಂಡವರಲ್ಲಿ ಸುಮಾರು 36 ಮಂದಿಗೆ ಮಾತ್ರ. ಔಷಧಿ ನಿಲ್ಲಿಸಿ ಇನ್ನಾರು ತಿಂಗಳಾದಾಗ ಆ 91 ಇಳಿದು 43ರ ಹತ್ತಿರ ಬಂತು. ಅಂದರೆ ಹತೋಟಿ ಚೆನ್ನಾಗಿ ಸಿಗುತ್ತದೆ, ಎಲ್ಲರಿಗೂ ಶಾಶ್ವತವಾಗಿ ಅಲ್ಲ. ಇದನ್ನು ಮೊದಲೇ ಹೇಳಿದರೆ, ಏಳನೇ ತಿಂಗಳು ಮತ್ತೆ ತುರಿಕೆ ಬಂದಾಗ ಹೆಂಗಸರು ಎದೆಗುಂದುವುದಿಲ್ಲ.

ಕಲ್ಚರಿನಲ್ಲಿ ಆಲ್ಬಿಕನ್ಸ್ ಬದಲು ಗ್ಲಾಬ್ರಾಟಾ ಎಂಬ ಇನ್ನೊಂದು ಜಾತಿ ಅಂತ ಬಂದರೆ ಲೆಕ್ಕ ಬೇರೆ. ಅದು ಫ್ಲುಕೊನಜೋಲ್‌ಗೆ ಸುಲಭವಾಗಿ ಬಗ್ಗುವುದಿಲ್ಲ.

ಬೋರಿಕ್ ಆಸಿಡ್ ಕೂಡ ಖನಿಜವೇ ಅಲ್ವಾ?

ಹೌದು, ಬೋರಾನ್ ಎಂಬ ಖನಿಜದಿಂದ ಬಂದದ್ದು. ಮಾಮೂಲಿ ಔಷಧಿಗೆ ಬಗ್ಗದ ಯೀಸ್ಟಿಗೆ 600 ಮಿಲಿಗ್ರಾಂ ಕ್ಯಾಪ್ಸೂಲನ್ನು ದಿನಕ್ಕೊಂದರಂತೆ ಮೂರು ವಾರ ಯೋನಿಯಲ್ಲಿ ಇಡಲು ವೈದ್ಯರು ಹೇಳುತ್ತಾರೆ. ಇದು ಕೊರತೆ ತುಂಬುವ ಔಷಧಿ ಅಲ್ಲ, ಶಿಲೀಂಧ್ರ ಬೆಳೆಯದಂತೆ ತಡೆಯುವ ಔಷಧಿ. ಬಾಯಿಗೆ ಹಾಕಿದರೆ ವಿಷ, ಜೀವಕ್ಕೇ ಅಪಾಯ. ಮಕ್ಕಳ ಕೈಗೆ ಸಿಗದಂತೆ ಇಡಿ, ಬೇರೆ ಮಾತ್ರೆಗಳ ಜೊತೆ ಇಡಬೇಡಿ, ಗರ್ಭಿಣಿಯಾಗಿದ್ದರೆ ಮುಟ್ಟಲೇಬೇಡಿ. ಕ್ಯಾರಂ ಬೋರ್ಡಿನ ಪುಡಿಯನ್ನು ಮನೆಯಲ್ಲೇ ಕ್ಯಾಪ್ಸೂಲಿಗೆ ತುಂಬುವ ಸಾಹಸವಂತೂ ಖಂಡಿತ ಬೇಡ.

ಫ್ಲುಕೊನಜೋಲ್ ಜೊತೆ ಖನಿಜದ ಮಾತ್ರೆ ತಗೋಬಹುದಾ?

ತಗೋಬಹುದು. ಫ್ಲುಕೊನಜೋಲ್ ಊಟದಿಂದಾಗಲಿ ಆಂಟಾಸಿಡ್‌ನಿಂದಾಗಲಿ ಕೆಡುವುದಿಲ್ಲ. ಇಟ್ರಕೊನಜೋಲ್ ಎಂಬ ಇನ್ನೊಂದು ಶಿಲೀಂಧ್ರನಾಶಕದ ಕ್ಯಾಪ್ಸೂಲ್ ಹಾಗಲ್ಲ, ಅದಕ್ಕೆ ಹೊಟ್ಟೆಯ ಆಮ್ಲ ಬೇಕು, ಆಂಟಾಸಿಡ್ ಜೊತೆ ತಗೊಂಡರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಐರನ್, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಕೊಡಿ.

ಇಲ್ಲಿ ಎಲ್ಲರೂ ಮರೆಯುವ ಒಂದು ಮಾತಿದೆ. ರಕ್ತದಲ್ಲಿ ಪೊಟ್ಯಾಸಿಯಂ ಅಥವಾ ಮೆಗ್ನೀಸಿಯಂ ತುಂಬಾ ಕಮ್ಮಿ ಇರುವಾಗ ಫ್ಲುಕೊನಜೋಲ್ ಕೊಟ್ಟರೆ ಹೃದಯದ ಬಡಿತದ ಲಯ ತಪ್ಪುವ ಅಪಾಯ ಏರುತ್ತದೆ. ಭೇದಿ, ವಾಂತಿ ಆಗುತ್ತಿದ್ದರೆ, ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುತ್ತಿದ್ದರೆ, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ರಕ್ತ ತೆಳುವಾಗಿಸುವ ವಾರ್ಫರಿನ್, ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳಿಗೂ ಫ್ಲುಕೊನಜೋಲ್ ಅಡ್ಡ ಬರುತ್ತದೆ.

ಕಾಪರ್ ಟಿ ಹಾಕಿಸಿಕೊಂಡಿದ್ದೇನೆ. ಅದರ ತಾಮ್ರವೇ ಕಾರಣವಾ?

ತಾಮ್ರದ ಮೇಲೆ ತಪ್ಪು ಹೊರಿಸಲಾಗದು. ಆದರೆ ಒಳಗಿಟ್ಟ ಸಾಧನದ ಮೇಲೆ, ಅದರ ದಾರದ ಮೇಲೆ ಕ್ಯಾಂಡಿಡಾ ಪದರವಾಗಿ ಅಂಟಿಕೊಳ್ಳಬಲ್ಲದು, ಆ ಪದರದೊಳಗೆ ಔಷಧಿ ಸರಿಯಾಗಿ ಹೋಗುವುದಿಲ್ಲ. ಹಾಕಿಸಿಕೊಂಡ ಮೇಲೆಯೇ ತೊಂದರೆ ಶುರುವಾಗಿದ್ದರೆ ವೈದ್ಯರ ಜೊತೆ ಮಾತಾಡಿ.

ಗರ್ಭಿಣಿಯಾಗಿದ್ದಾಗ?

ಏಳು ದಿನ ಯೋನಿಯಲ್ಲಿ ಹಾಕುವ ಕ್ಲೋಟ್ರಿಮಜೋಲ್ ಥರದ ಔಷಧಿ ಮಾತ್ರ, ಅದೂ ವೈದ್ಯರು ಹೇಳಿದ ಮೇಲೆ. ನುಂಗುವ ಫ್ಲುಕೊನಜೋಲ್ ಬೇಡ. ಐರನ್, ಕ್ಯಾಲ್ಸಿಯಂ ವೈದ್ಯರು ಕೊಟ್ಟಂತೆ ಮುಂದುವರಿಸಿ. ಈ ಸೋಂಕಿಗೆ ಹೆದರಿ ಅವನ್ನು ನಿಲ್ಲಿಸಬೇಡಿ.

ಗಂಡನಿಗೂ ಔಷಧಿ ಬೇಕಾ?

ಅವರಿಗೆ ತುರಿಕೆ, ಕೆಂಪು ಏನೂ ಇಲ್ಲದಿದ್ದರೆ ಬೇಡ. ಇದನ್ನು ಲೈಂಗಿಕ ರೋಗ ಎಂದು ಎಣಿಸುವುದಿಲ್ಲ, ಒಬ್ಬರ ಮೇಲೊಬ್ಬರು ಅನುಮಾನ ಪಡುವ ವಿಷಯವಂತೂ ಅಲ್ಲ. ಯೋನಿಗೆ ಹಚ್ಚುವ ಎಣ್ಣೆ ಅಂಶದ ಕ್ರೀಮುಗಳು ಕಾಂಡೋಮನ್ನು ದುರ್ಬಲ ಮಾಡುತ್ತವೆ, ಅದು ಗಮನದಲ್ಲಿರಲಿ.

ವೈದ್ಯರ ಹತ್ತಿರ ಹೋದಾಗ ಏನು ಕೇಳಲಿ?

ಮೂರು ಕೇಳಿ: ಕಲ್ಚರ್ ಮಾಡಿಸಿ ಯಾವ ಜಾತಿಯ ಯೀಸ್ಟ್ ಎಂದು ನೋಡೋಣವಾ, ಎಚ್‌ಬಿಎ1ಸಿ ಮತ್ತು ಫೆರಿಟಿನ್ ಬರೆದುಕೊಡುತ್ತೀರಾ, ಆರು ತಿಂಗಳ ಕೋರ್ಸ್ ನನಗೆ ಸರಿಹೊಂದುತ್ತದಾ. ತಿನ್ನುತ್ತಿರುವ ಎಲ್ಲ ಮಾತ್ರೆಗಳನ್ನೂ ಡಬ್ಬಿ ಸಮೇತ ತೆಗೆದುಕೊಂಡು ಹೋಗಿ, ಆಂಟಿಬಯೋಟಿಕ್, ಸ್ಟೀರಾಯ್ಡ್, ನೀವೇ ಕೊಂಡ ಝಿಂಕ್ ಎಲ್ಲವನ್ನೂ. ತೊಂದರೆ ಮುಟ್ಟಿಗೆ ಮುಂಚೆ ಜಾಸ್ತಿಯಾಗಿ ಮುಟ್ಟಾದಾಗ ಇಳಿಯುತ್ತದಾ ಎಂದು ದಿನಾಂಕದ ಸಮೇತ ಬರೆದಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು.

ಜ್ವರ, ಕೆಳಹೊಟ್ಟೆ ನೋವು, ಕೆಟ್ಟ ವಾಸನೆ, ಹುಣ್ಣು, ಮುಟ್ಟಿಲ್ಲದಾಗ ರಕ್ತ, ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ. ಮುಟ್ಟು ನಿಂತ ಮೇಲೆ ಹಾರ್ಮೋನ್ ಔಷಧಿ ಏನೂ ಇಲ್ಲದೆ ಹೊಸದಾಗಿ ತುರಿಕೆ ಶುರುವಾಗಿದ್ದರೂ ಬೇಗ ತೋರಿಸಿ, ಆ ವಯಸ್ಸಿನಲ್ಲಿ ಯೀಸ್ಟಿಗಿಂತ ಬೇರೆ ಕಾರಣ ಇರುವ ಸಾಧ್ಯತೆಯೇ ಜಾಸ್ತಿ.